ಇಲ್ಲ, ನನ್ನ ಹತ್ತಿರ ಟಿಪ್ ಇಲ್ಲ

ನಾನು ಪಶುವೈದ್ಯೆ. ಓದಿದ್ದು ಹೆಬ್ಬಾಳದಲ್ಲಿ. ಹದಿಮೂರು ವರ್ಷದಿಂದ ಬೆಂಗಳೂರು ರೇಸ್‌ಕೋರ್ಸಿನ ಲಾಯಗಳಲ್ಲಿ ಕುದುರೆ ನೋಡುತ್ತಿದ್ದೇನೆ. ಇಷ್ಟು ಹೇಳಿ ಮುಗಿಸುವುದರೊಳಗೆ ಎದುರಿಗಿದ್ದವರು ಸ್ವಲ್ಪ ಹತ್ತಿರ ಸರಿಯುತ್ತಾರೆ. ದನಿ ತಗ್ಗಿಸುತ್ತಾರೆ. "ಹಾಗಾದ್ರೆ ಈ ಭಾನುವಾರ ಯಾವುದು ಬರುತ್ತೆ?" ಅಂದರೆ, ಯಾವ ಕುದುರೆ ಗೆಲ್ಲುತ್ತೆ ಅಂತ ಟಿಪ್ ಬೇಕು.

ಹಲ್ಲಿನ ಡಾಕ್ಟರು ಕೇಳಿದ್ದಾರೆ, ನನ್ನ ಬಾಯಿಗೆ ಹತ್ತಿ ತುರುಕಿ. ಮಗಳ ಶಾಲೆಯ ಟೀಚರ್ ಕೇಳಿದ್ದಾರೆ. ನಾದಿನಿಯ ಗೃಹಪ್ರವೇಶದಲ್ಲಿ ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಗೊತ್ತಿಲ್ಲ.

ಗೊತ್ತಿದ್ದರೂ ಹೇಳುವ ಹಾಗಿಲ್ಲ, ಅದು ಬೇರೆ ಮಾತು. ಆದರೆ ಹಾಗಂದ ಕೂಡಲೇ "ಓಹೋ, ಗೊತ್ತಿದೆ, ಹೇಳ್ತಿಲ್ಲ" ಅಂತ ಕಣ್ಣು ಮಿಟುಕಿಸುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ನಿಜವಾಗಿಯೂ ಗೊತ್ತಿಲ್ಲ.

ಇನ್ನು ಕೆಲವರು ಸ್ವಲ್ಪ ನಾಜೂಕಾಗಿ ಕೇಳುತ್ತಾರೆ. "ಒಳಗಿನ ಸುದ್ದಿ ಏನು ಮೇಡಂ?" ಒಳಗಿನ ಸುದ್ದಿ! ನನಗೆ ಗೊತ್ತಿರುವ ಒಳಗಿನ ಸುದ್ದಿ ಅಂದರೆ ಕರುಳಿನದ್ದು. ಕುದುರೆಯ ಸಣ್ಣ ಕರುಳೇ ಸುಮಾರು 20 ಮೀಟರ್ ಉದ್ದ. ಹೊಟ್ಟೆಯ ಪಕ್ಕಕ್ಕೆ ಸ್ಟೆತಸ್ಕೋಪ್ ಇಟ್ಟರೆ ಆರೋಗ್ಯವಾಗಿರುವ ಕುದುರೆಯಲ್ಲಿ ಗುಡುಗಿನ ಹಾಗೆ, ಒಮ್ಮೊಮ್ಮೆ ಕೊಳಾಯಿಯಲ್ಲಿ ಗಾಳಿ ಬಂದ ಹಾಗೆ ಸದ್ದು. ಸದ್ದು ಇದ್ದರೆ ನೆಮ್ಮದಿ. ಏನೂ ಕೇಳಿಸದಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ದೇಹದ ಕಟ್ಟೇ ಹಾಗೆ. ಒಳಗೆ ಏನಾದರೂ ಕಟ್ಟಿಕೊಂಡರೆ ಮೇಲಿಂದ ದಾರಿಯಿಲ್ಲ. ಮೂಗಿನಿಂದ ಹೊಟ್ಟೆಯವರೆಗೆ ಟ್ಯೂಬ್ ಇಳಿಸಿ ತೆಗೆಯಬೇಕು. ಹಿಂದಿನಿಂದ ಭುಜದವರೆಗೂ ಕೈಗವಸು ಹಾಕಿಕೊಂಡು ಕರುಳು ತಿರುಚಿದೆಯಾ ಅಂತ ತಡವಿ ನೋಡಬೇಕು. ರಾತ್ರಿ ಎರಡು ಗಂಟೆಗೆ, ಟಾರ್ಚ್ ಬೆಳಕಿನಲ್ಲಿ. ಈ ಸುದ್ದಿ ಬೇಕಾ? ಬೇಕಾದಷ್ಟಿದೆ, ಕೊಡುತ್ತೇನೆ.

"ಇದು ಜೂಜಲ್ಲ, ಕೌಶಲದ ಆಟ. 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ" ಅನ್ನುವವರು ಇದ್ದಾರೆ. ಹೌದು, ಮದ್ರಾಸ್ ರೇಸ್ ಕ್ಲಬ್ ಕೇಸಿನಲ್ಲಿ ಹೇಳಿದೆ. ಸರಿ, ಹಾಗಿದ್ದರೆ ಕೌಶಲ ನೀವೇ ತೋರಿಸಿ. ನನ್ನನ್ನು ಯಾಕೆ ಕೇಳುತ್ತೀರಿ?

ಇವರಿಗೆ ಹ್ಯಾಂಡಿಕ್ಯಾಪ್ ಅಂದರೆ ಏನು ಅಂತ ಬಿಡಿಸಿ ಹೇಳಿ ಸಾಕಾಗಿದೆ. ಹೆಚ್ಚಿನ ರೇಸುಗಳಲ್ಲಿ ಎಲ್ಲ ಕುದುರೆಗಳೂ ಒಂದೇ ಭಾರ ಹೊರುವುದಿಲ್ಲ. ಚೆನ್ನಾಗಿ ಓಡಿದ ಕುದುರೆಗೆ ಮುಂದಿನ ಸಲ ಭಾರ ಏರಿಸುತ್ತಾರೆ. ಒಂದಕ್ಕೆ 60 ಕೆಜಿ, ಇನ್ನೊಂದಕ್ಕೆ 51. ಜಾಕಿಯ ತೂಕ ಸಾಲದಿದ್ದರೆ ಜೀನಿನ ಹತ್ತಿರ ಸೀಸದ ತುಂಡು. ಓಡುವ ಮುಂಚೆ ತೂಗುತ್ತಾರೆ, ಓಡಿ ಬಂದ ಮೇಲೆ ಮತ್ತೆ ತೂಗುತ್ತಾರೆ. ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ಮುಟ್ಟಬೇಕು ಅನ್ನುವುದೇ ಭಾರ ಹಂಚುವವನ ಕನಸು. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗದ ಹಾಗೆ ನೋಡಿಕೊಳ್ಳಲು ಒಬ್ಬ ಮನುಷ್ಯನಿಗೆ ಸಂಬಳ ಕೊಟ್ಟು ಕೂರಿಸಿದ್ದಾರೆ. 1200 ಮೀಟರ್ ರೇಸ್ ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ. ಗೆದ್ದದ್ದು ಒಂದು ಮೂಗಿನಷ್ಟು ಮುಂದೆ. ಆ ಮೂಗಿನ ಲೆಕ್ಕ ಗುರುವಾರವೇ ನನಗೆ ಗೊತ್ತಿರಬೇಕಂತೆ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಕುದುರೆ ಕಂಡರೆ ಕಾಲು ನೋವು ಅಂತ. ಸೋಮಾರಿಗಳಿಗೆ ಹೇಳಿದ್ದು. ನನಗೆ ಮಾತ್ರ ಅದೇ ಕಸುಬು. ಕುದುರೆ ಕಂಡ ಕೂಡಲೇ ಕಾಲಿನ ನೋವು ಹುಡುಕಬೇಕು. ಬೆಳಿಗ್ಗೆ ನಾಲ್ಕೂವರೆಗೆ, ಟ್ರ್ಯಾಕಿಗೆ ಹೋಗುವ ಮೊದಲು, ಮುಂಗಾಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಕೈಗಳಲ್ಲಿ ಎರಡು ಕಾಲುಗಳನ್ನೂ ಮೇಲಿಂದ ಕೆಳಕ್ಕೆ ಸವರುತ್ತಾ ಬರುತ್ತೇನೆ. ಮಂಡಿಯಿಂದ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ, ಅಷ್ಟೇ. ನಾಗಾಲೋಟದಲ್ಲಿ 450 ಕೆಜಿಯ ಮೈ ಒಂದು ಕ್ಷಣ ಅಂಥ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಒಂದು ಅಂಗೈಗಿಂತ ಇನ್ನೊಂದು ಅಂಗೈಗೆ ಚೂರು ಬೆಚ್ಚಗೆ ಅನ್ನಿಸಿದರೆ ಸಾಕು. ಕುಂಟುತ್ತಿಲ್ಲ, ಊತ ಕಾಣುತ್ತಿಲ್ಲ, ಬಿಸಿ ಮಾತ್ರ. ಅವತ್ತು ಆ ಕುದುರೆಗೆ ನಡಿಗೆ ಅಷ್ಟೇ. ಟ್ರೇನರ್ ಮುಖ ಗಂಟು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ. ಆ ರಜ್ಜು ಹರಿದರೆ ವಾಸಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು.

ಹೀಗೆ ದಿನವೂ ಕುದುರೆಯಲ್ಲಿ ತಪ್ಪನ್ನೇ ಹುಡುಕುವವಳು ನಾನು. ಪ್ರತಿ ಕುದುರೆಯೂ ಯಾಕೆ ಸೋಲಬಹುದು ಅನ್ನುವುದಕ್ಕೆ ನನ್ನ ಹತ್ತಿರ ನಾಲ್ಕು ಕಾರಣ ಇರುತ್ತವೆ. ಯಾಕೆ ಗೆಲ್ಲಬಹುದು ಅನ್ನುವುದಕ್ಕೆ ಒಂದೂ ಇರುವುದಿಲ್ಲ.

ಇದನ್ನು ನಂಬದ ಒಬ್ಬರು ಮಾವ ಇದ್ದಾರೆ. ದೂರದ ಸಂಬಂಧ. ಅವರ ಕಥೆ ಹೇಳಲೇಬೇಕು.

ಅಪ್ಪ ತೀರಿಕೊಂಡಾಗ ವೈಕುಂಠ ಸಮಾರಾಧನೆ ಒಂದು ಭಾನುವಾರ ಬಿತ್ತು. ತುಮಕೂರಿನ ಕಡೆಯ ನಮ್ಮೂರಿನ ಮನೆಯಲ್ಲಿ. ಮಾವ ಬೆಳಿಗ್ಗೆಯೇ ಬಂದರು, ಅತ್ತರು, ಅಪ್ಪನ ಗುಣಗಾನ ಮಾಡಿದರು. ಆಮೇಲೆ ಹಿತ್ತಲಿಗೆ ಕರೆದು, "ಇವತ್ತು ನಾಲ್ಕನೇ ರೇಸಲ್ಲಿ ನಿನ್ ಕುದುರೆ ಇದೆ ಅಲ್ವಾ?" ಅಂದರು. ಅಂಗಿ ಜೇಬಿನಲ್ಲಿ ರೇಸ್ ಪುಸ್ತಕ ನಾಲ್ಕು ಮಡಿಕೆಯಾಗಿ ಕೂತಿತ್ತು. ಅದು ನನ್ನ ಕುದುರೆಯಲ್ಲ, ನಾನು ನೋಡುವ ಲಾಯದ ಕುದುರೆ ಅಂದೆ. ಎರಡೂ ಒಂದೇ ಅಂದರು.

ಅಷ್ಟರಲ್ಲಿ ಲಾಯದಿಂದ ಫೋನ್ ಬಂತು. ಅದೇ ಕುದುರೆ. ನಾಲ್ಕು ವರ್ಷದ ಹೆಣ್ಣು. ರಾತ್ರಿ ಹಾಕಿದ ದಾಣಿಯಲ್ಲಿ ಅರ್ಧ ಹಾಗೇ ಬಿಟ್ಟಿದೆ ಅಂತ ಹೇಳಲು ಸೈಸ್ ಹುಡುಗ, ಅಂದರೆ ಕುದುರೆಯ ಆರೈಕೆ ಮಾಡುವವನು, ಫೋನ್ ಮಾಡಿದ್ದ. ಅಡುಗೆಯವರ ಪಾತ್ರೆ ಸದ್ದು, ಮಂತ್ರದ ಸದ್ದು. ಜೋರಾಗಿ ಮಾತಾಡಬೇಕಾಯಿತು. "ಅರ್ಧ ಬಿಟ್ಟಿದ್ದಾಳಾ? ಜ್ವರ ನೋಡಿದ್ರಾ? ನೂರಾ? ಸರಿ. ಲದ್ದಿ ಹಾಕಿದ್ದಾಳಾ? ನೀರು? ಒಸಡಿನ ಬಣ್ಣ ಹೇಗಿದೆ?" ಕುದುರೆಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು, ಜ್ವರವಲ್ಲ. ಉಳಿದದ್ದೂ ಸರಿಯಿತ್ತು. ಜೊತೆಯ ಡಾಕ್ಟರನ್ನು ಕಳಿಸಿ ನೋಡಿಸಿದೆ. ಓಡಲು ಏನೂ ತೊಂದರೆಯಿಲ್ಲ ಅಂದರು.

ಮಾವ ತಲೆಗೆ ಹಾಕಿಕೊಂಡದ್ದು ಮೊದಲ ವಾಕ್ಯ ಮಾತ್ರ. ಎಲೆ ಹಾಕುವ ಮುಂಚೆಯೇ ಮನುಷ್ಯ ನಾಪತ್ತೆ. ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬೇರೆ ಕುದುರೆಯ ಮೇಲೆ ದುಡ್ಡು ಕಟ್ಟಿದ್ದರು. ಎಷ್ಟು ಅಂತ ಇವತ್ತಿಗೂ ಅತ್ತೆಗೆ ಗೊತ್ತಿಲ್ಲ. ನಮ್ಮ ಹುಡುಗಿ ಒಂದು ಕುತ್ತಿಗೆಯಷ್ಟು ಮುಂದೆ ಬಂದು ಗೆದ್ದಳು.

ತಪ್ಪು ನನ್ನದೂ ಇದೆ. ಹಿತ್ತಲಲ್ಲಿ ನಿಂತು ಹಾಗೆ ಕಿರುಚಬಾರದಿತ್ತು. ಆದರೆ ಮಾವ ಊರೆಲ್ಲಾ ಹೇಳಿಕೊಂಡು ಬಂದದ್ದು ಏನು ಗೊತ್ತಾ? ಜನ ಬೇರೆ ಕಡೆ ಕಟ್ಟಲಿ, ಈ ಕುದುರೆ ಗೆದ್ದರೆ ಸಿಗುವ ದುಡ್ಡು ಏರಲಿ ಅಂತ ಬೇಕಂತಲೇ ಜೋರಾಗಿ ಮಾತಾಡಿದಳು ಅಂತ. ಸ್ವಂತ ಅಪ್ಪನ ಸಮಾರಾಧನೆಯಲ್ಲಿ! ನಾನು ಒಂದು ರೂಪಾಯಿಯೂ ಕಟ್ಟಿದವಳಲ್ಲ. ಎರಡು ವರ್ಷ ಮಾತು ಬಿಟ್ಟರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡುವುದು ಒಂದು ತರಹ. ದಾನ ಕೊಡದ ಎಮ್ಮೆ ಕದ್ದುಕೊಂಡು ಹೋಗಿ ಹಲ್ಲಿಲ್ಲ ಅಂತ ಜಗಳಕ್ಕೆ ಬರುವುದು ಇನ್ನೊಂದು ತರಹ.

ಇಷ್ಟಕ್ಕೂ ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಫೋನಿನ ಮಾತು ಪೂರ್ತಿ ಮಾವನ ಕಿವಿಗೆ ಬಿದ್ದಿತ್ತು. ಆಮೇಲೆ ಈ ಕಥೆ ಐವತ್ತು ಜನಕ್ಕೆ ಹೇಳಿದ್ದೇನೆ. ಎಲ್ಲರೂ ನಗುತ್ತಾರೆ. ಯಾರೂ, ಒಬ್ಬರೂ, ಕೇಳಿಲ್ಲ: ಅವಳು ಊಟ ಯಾಕೆ ಬಿಟ್ಟಿದ್ದಳು?

ಕೇಳಿಲ್ಲದಿದ್ದರೂ ಹೇಳುತ್ತೇನೆ.

ಬೆಳಿಗ್ಗೆ ಲಾಯಕ್ಕೆ ಹೋದರೆ ಎಲ್ಲಕ್ಕಿಂತ ಮುಂಚೆ ನೋಡುವುದು ದಾಣಿಯ ತೊಟ್ಟಿ. ಕಾಲು ಆಮೇಲೆ. ನೆಕ್ಕಿ ನುಣ್ಣಗೆ ಮಾಡಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬಯಲಲ್ಲಿ ಬಿಟ್ಟರೆ ಕುದುರೆ ದಿನದ ಹದಿನಾರು ಗಂಟೆ ಚೂರು ಚೂರೇ ಮೇಯುವ ಪ್ರಾಣಿ. ಅಷ್ಟು ದೊಡ್ಡ ಮೈಗೆ ಜಠರ ತೀರಾ ಚಿಕ್ಕದು. ತಿಂದರೂ ತಿನ್ನದಿದ್ದರೂ ಆಮ್ಲ ಮಾತ್ರ ಸುರಿಯುತ್ತಲೇ ಇರುತ್ತದೆ. ಅಂಥದ್ದನ್ನು ನಾಲ್ಕು ಗೋಡೆಯೊಳಗೆ ನಿಲ್ಲಿಸಿ, ಓಟ್ಸು, ಬಾರ್ಲಿ, ಬೂಸಾ ಅಂತ ಹೊತ್ತು ಹೊತ್ತಿಗೆ ಅಳೆದು ಹಾಕುತ್ತೇವೆ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಜಾಸ್ತಿ ಇರುವುದು ಸುಮ್ನೆ ಅಲ್ಲ. ಹಾಗಾಗಿ ಸೋಮವಾರ ಊರಿಂದ ಬಂದವಳೇ ಮೊದಲು ಹುಣ್ಣು ಅಂತ ಅನುಮಾನಿಸಿ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದೆ. ಇರಲಿಲ್ಲ. ಬಾಯಿ ತೆರೆಸಿ ದವಡೆ ಹಲ್ಲು ನೋಡಿದೆ. ಕುದುರೆಯ ಹಲ್ಲು ಸವೆಯುತ್ತಾ ಬೆಳೆಯುತ್ತಾ ಇರುತ್ತದೆ, ಅಂಚು ಚೂಪಾದರೆ ಕೆನ್ನೆಯ ಒಳಗೆ ಕೊಯ್ಯುತ್ತದೆ, ಅರದಿಂದ ಉಜ್ಜಬೇಕು. ಅದೂ ಸರಿಯಾಗಿತ್ತು. ರಕ್ತ ಪರೀಕ್ಷೆ ಸರಿ. ಗೆದ್ದ ರಾತ್ರಿಯೂ ಅರ್ಧವೇ ತಿಂದಿದ್ದಳಂತೆ. ಮಾಲೀಕರು ಪಾರ್ಟಿ ಕೊಟ್ಟಿದ್ದರು. ಅವಳಿಗೆ ಅದು ಗೊತ್ತಿಲ್ಲ.

ಬುಧವಾರ ಅವಳ ಹಳೆಯ ಸೈಸ್ ಊರಿಂದ ವಾಪಸ್ ಬಂದ. ಹತ್ತು ದಿನದ ರಜೆ. ಫೋನ್ ಮಾಡಿದ್ದ ಹುಡುಗ ಬದಲಿಗೆ ಬಂದವನು, ಕೆಲಸದಲ್ಲಿ ಏನೂ ಕಮ್ಮಿಯಿಲ್ಲ. ಮೈ ಉಜ್ಜುತ್ತಿದ್ದ, ಲಾಳದ ಸಂದಿಯ ಕಸ ತೆಗೆಯುತ್ತಿದ್ದ, ದಾಣಿ ಹಾಕಿ ಟೀ ಕುಡಿಯಲು ಹೋಗುತ್ತಿದ್ದ. ಹಳೆಯವನು ಟೀಗೆ ಹೋಗುತ್ತಿರಲಿಲ್ಲ. ದಾಣಿ ಹಾಕಿ, ಬಕೆಟ್ ಬೋರಲು ಹಾಕಿಕೊಂಡು ಬಾಗಿಲ ಮುಂದೆಯೇ ಕೂತು ತನ್ನ ಟಿಫಿನ್ ಡಬ್ಬಿ ತೆಗೆಯುತ್ತಿದ್ದ. ಅವನು ತಿನ್ನಲು ಶುರು ಮಾಡಿದರೆ ಇವಳೂ ತಲೆ ತಗ್ಗಿಸುತ್ತಿದ್ದಳು. ಹಿಂಡಿನಲ್ಲಿ ಮೇಯುವ ಪ್ರಾಣಿ ಅಲ್ವಾ? ಪಕ್ಕದಲ್ಲಿ ಯಾರಾದರೂ ತಿನ್ನುತ್ತಿದ್ದರೆ ಧೈರ್ಯ. ಅವತ್ತು ಸಂಜೆ ನಾನು ಅಲ್ಲೇ ನಿಂತು ನೋಡಿದೆ. ಅವನು ಚಪಾತಿ ಮುರಿದ. ಅವಳು ಒಂದು ಕಿವಿ ಅವನ ಕಡೆ ತಿರುಗಿಸಿ ತೊಟ್ಟಿಗೆ ಬಾಯಿ ಹಾಕಿದಳು. ಓಟ್ಸು ಅರೆಯುವ ಸದ್ದು, ಬೀಸುವ ಕಲ್ಲಿನ ಹಾಗೆ. ಕೊನೆಗೆ ತೊಟ್ಟಿಯ ಮೂಲೆಯನ್ನೂ ನೆಕ್ಕಿದಳು.

ಹದಿಮೂರು ವರ್ಷದಲ್ಲಿ ನಾನು ಕಂಡುಹಿಡಿದ ಒಳಗಿನ ಸುದ್ದಿಗಳಲ್ಲಿ ಇದೇ ದೊಡ್ಡದು. ಇದಕ್ಕೆ ಯಾವ ಬುಕ್ಕಿಯೂ ಬೆಲೆ ಕಟ್ಟುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರು ಬರುತ್ತಾರೆ. "ಅಷ್ಟು ಪ್ರೀತಿ ಇದ್ರೆ ಓಡಿಸೋದ್ಯಾಕೆ? ಪಾಪ ಅಲ್ವಾ?" ಪಾಪವೇ, ಕೆಲವು ಸಲ. ಟ್ರ್ಯಾಕಿನಲ್ಲಿ ಬಿದ್ದ ಕುದುರೆಯ ಸುತ್ತ ಪರದೆ ಹಿಡಿದಾಗ ಅದರೊಳಗೆ ಇಂಜೆಕ್ಷನ್ ಹಿಡಿದು ನಿಂತವಳು ನಾನೇ. ಅವತ್ತು ಮನೆಗೆ ಬಂದು ಯಾರ ಹತ್ತಿರವೂ ಮಾತಾಡಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳುವವರೂ ಉತ್ತರಕ್ಕೆ ಕಾಯುವುದಿಲ್ಲ, ತಮ್ಮ ತಟ್ಟೆಯ ಕಡೆಗೆ ತಿರುಗಿಬಿಡುತ್ತಾರೆ. ನಾನು ಬಿಟ್ಟರೆ ಲಾಯ ಮುಚ್ಚುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಕಾಲು ಮುಟ್ಟಿ ನೋಡುವವರು ಒಬ್ಬರು ಕಮ್ಮಿಯಾಗುತ್ತಾರೆ. ಇದು ಸಮಜಾಯಿಷಿ ಅಂತ ನನಗೂ ಗೊತ್ತು. ಸದ್ಯಕ್ಕೆ ನನ್ನ ಹತ್ತಿರ ಇರುವುದು ಇದೇ.

ಆ ಹುಡುಗಿ ಈಗ ಓಡುವುದಿಲ್ಲ. ಸ್ಟಡ್ ಫಾರ್ಮ್ ಒಂದರಲ್ಲಿ ಮರಿ ಹಾಕಿದ್ದಾಳೆ. ಹನ್ನೊಂದು ತಿಂಗಳು ಹೊತ್ತು, ಮಾರ್ಚ್‌ನಲ್ಲಿ ಹೆತ್ತಳು. ರೇಸಿನ ಲೆಕ್ಕದಲ್ಲಿ ಮಾತ್ರ ಆ ಮರಿ ಹುಟ್ಟಿದ್ದು ಜನವರಿ 1ಕ್ಕೆ. ಆ ವರ್ಷ ಹುಟ್ಟಿದ ಎಲ್ಲ ಮರಿಗಳಿಗೂ ಅದೇ ಹುಟ್ಟುಹಬ್ಬ. ನಮ್ಮ ಶಾಲೆಯ ಮೇಷ್ಟ್ರು ಎಲ್ಲರಿಗೂ ಜೂನ್ 1 ಅಂತ ಬರೆದುಕೊಂಡ ಹಾಗೆ.

ಮಾವ ಹೋದ ತಿಂಗಳು ತಾವಾಗಿಯೇ ಫೋನ್ ಮಾಡಿದರು. ಎರಡು ವರ್ಷದ ಮೇಲೆ. ಆರೋಗ್ಯ, ಮಳೆ, ಮಗಳ ಓದು, ಎಲ್ಲಾ ವಿಚಾರಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಯಾವುದು ಗೆಲ್ಲುತ್ತೆ ಅಂತ ಕೇಳ್ತಿಲ್ಲ" ಅಂದರು.

ನನಗೆ ಸಂತೋಷವೇ ಆಯಿತು. ಕೇಳಿ ಮಾವ ಅಂದೆ.

"ನಿಮ್ಮ ಲಾಯದಲ್ಲಿ ನಿನ್ನೆ ರಾತ್ರಿ ಯಾವ ಕುದುರೆ ಊಟ ಬಿಟ್ಟಿದೆ?"