ರಿಪೇರಿಗೆ ಹೋದ ಲ್ಯಾಪ್‌ಟಾಪ್, ಆಮೇಲೆ ವೆರಾಕ್ರಿಪ್ಟ್

ಹೋದ ಆಷಾಢದಲ್ಲಿ ನಮ್ಮನೆ ಲ್ಯಾಪ್‌ಟಾಪ್ ಕೆಟ್ಟಿತು. ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಗೊತ್ತಲ್ವಾ, ಕರೆಂಟು ಹೋಗಿ ಬಂದು, ಬಂದು ಹೋಗಿ, ಒಂದು ಸಂಜೆ ಕಪ್ಪಾದ ಸ್ಕ್ರೀನು ಮತ್ತೆ ಹತ್ತಲೇ ಇಲ್ಲ. ಬಸ್ಸಲ್ಲಿ ಶಿವಮೊಗ್ಗಕ್ಕೆ ಒಯ್ದು ಒಂದು ಅಂಗಡಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದಾಗ ಅಲ್ಲಿನ ಹುಡುಗ ಒಳ್ಳೆ ಮನಸ್ಸಿನಿಂದಲೇ ಹೇಳಿದ, "ಏನೂ ಹೋಗಿಲ್ಲ ಸಾರ್, ನಿಮ್ಮ ಡೇಟಾ ಪೂರ್ತಿ ನಮ್ಮ ಸಿಸ್ಟಮ್‌ಗೆ ಹಾಕಿಟ್ಟಿದ್ದೆ."

ನಾನು ಅವನಿಗೆ ಪಾಸ್‌ವರ್ಡ್ ಕೊಟ್ಟೇ ಇರಲಿಲ್ಲ! ಬೇಕಾಗೂ ಇಲ್ಲ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ, ಎನ್‌ಕ್ರಿಪ್ಟ್ ಮಾಡದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಬದಲಾಯಿಸಿಡದ ಫೈಲುಗಳೆಲ್ಲ ಸುಮ್ನೆ ಕಾಣುತ್ತವೆ. ಜಮೀನಿನ ಪಹಣಿ, ಎಲ್ಲರ ಆಧಾರ್, ಮಂಡಿ ಲೆಕ್ಕ, ಅಪ್ಪಯ್ಯನ ಹೃದಯದ ರಿಪೋರ್ಟು, ತಂಗಿಯ ಜಾತಕ, ಫೋಟೋ. ಕೇಳಿದ ಕೂಡಲೇ ಅವನು ನನ್ನೆದುರೇ ಅಳಿಸಿದ. ಆದರೂ ಆ ದಿನ ಬಸ್ಸಲ್ಲಿ ವಾಪಸ್ ಬರುವಾಗ ಹೊಟ್ಟೆಯೊಳಗೆ ಏನೋ ಸಂಕಟ.

ಆ ವಾರವೇ ವೆರಾಕ್ರಿಪ್ಟ್ ಹಾಕಿಕೊಂಡೆ, ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿಡುವ ಪ್ರೋಗ್ರಾಂ ಅದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಬೇಕಾದವರು ತೆಗೆದು ನೋಡಬಹುದು. ಇದು ಯಾಕೆ ಮುಖ್ಯ ಅಂದರೆ, ಮೊದಲು ಇದೇ ಕೆಲಸಕ್ಕೆ ಟ್ರೂಕ್ರಿಪ್ಟ್ ಅಂತ ಇತ್ತು, ಅದನ್ನು ಮಾಡಿದವರು 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಕೋಡ್ ಹೊರಗೇ ಇದ್ದುದರಿಂದ ಫ್ರಾನ್ಸಿನಲ್ಲಿ ಮುನೀರ್ ಇದ್ರಾಸಿ 2013ರಲ್ಲೇ ಅದರಿಂದ ವೆರಾಕ್ರಿಪ್ಟ್ ಶುರು ಮಾಡಿದ್ದರು, ಜನ ಅದಕ್ಕೆ ಬಂದರು. ಮಾಡಿದವರು ಕೈಬಿಟ್ಟರೂ ನಮ್ಮ ಬೀಗ ತೆರೆಯುವ ದಾರಿ ಉಳಿಯಬೇಕು. ನನಗೆ ಅದು ದುಡ್ಡು ಉಳಿಯುವುದಕ್ಕಿಂತ ದೊಡ್ಡ ವಿಷಯ.

ಮಾಡುವುದು ಕಷ್ಟ ಇಲ್ಲ. 'ಕ್ರಿಯೇಟ್ ವಾಲ್ಯೂಮ್' ಒತ್ತಿ ಫೈಲ್ ಕಂಟೈನರ್ ಆರಿಸಿ, ಹೊಸ ಹೆಸರು ಕೊಡಿ. ಅದು ಬೇರೆ ಫೈಲುಗಳನ್ನು ಒಳಗಿಡುವ ಬೀಗದ ಪೆಟ್ಟಿಗೆಯಂಥ ಒಂದು ಫೈಲು. ಇಲ್ಲೊಂದು ಎಚ್ಚರಿಕೆ: ಈಗಾಗಲೇ ಇರುವ ಫೈಲನ್ನು ಆರಿಸಬೇಡಿ. ಅದು ಎನ್‌ಕ್ರಿಪ್ಟ್ ಆಗುವುದಿಲ್ಲ, ಅಳಿಸಿಹೋಗಿ ಆ ಜಾಗದಲ್ಲಿ ಖಾಲಿ ಪೆಟ್ಟಿಗೆ ಬರುತ್ತದೆ. ಆಲ್ಗರಿದಮ್, ಅಂದರೆ ಎನ್‌ಕ್ರಿಪ್ಟ್ ಮಾಡುವ ವಿಧಾನ, ಎಇಎಸ್ ಅಂತಲೇ ಬಂದಿರುತ್ತದೆ, ಹಾಗೇ ಬಿಡಿ.

ಆಮೇಲೆ ಕಿಟಕಿಯೊಳಗೆ ಮೌಸ್ ಆಡಿಸು ಅನ್ನುತ್ತದೆ. ಆ ಕೆಲಸ ಅಪ್ಪಯ್ಯನಿಗೆ ಕೊಟ್ಟೆ. ಅವತ್ತೇ ತೋಟಕ್ಕೆ ಮದ್ದು ಹೊಡೆಸಿ ಬಂದಿದ್ದರು, ಮೈಲುತುತ್ತದ ನೀಲಿ ಇನ್ನೂ ಉಗುರಲ್ಲಿತ್ತು. "ಇದು ಎಂತಕ್ಕೆ?" ಅಂದರು. ನಿಮ್ಮ ಕೈ ಹೇಗೆ ಆಡುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ, ಬೀಗದ ಕೀಲಿ ಮಾಡುವುದಕ್ಕೆ ಅದನ್ನೂ ಸೇರಿಸಿಕೊಳ್ಳುತ್ತದೆ ಅಂದೆ. ಕೆಳಗಿನ ಕೆಂಪು ಪಟ್ಟಿ ಹಸಿರಾಗುವ ತನಕ ಬಿಡದೆ ಆಡಿಸಿದರು.

ಮುಗಿದ ಮೇಲೆ ಪೆಟ್ಟಿಗೆಯನ್ನು ಮೌಂಟ್ ಮಾಡಿ, ಅಂದರೆ ತೆರೆಯಲು ಹೇಳಿ, ಪಾಸ್‌ವರ್ಡ್ ಕೊಟ್ಟರೆ ಪೆನ್‌ಡ್ರೈವ್ ಸಿಕ್ಕಿಸಿದ ಹಾಗೆ ಇನ್ನೊಂದು ಡ್ರೈವ್ ಬರುತ್ತದೆ. ಕಾಗದಗಳನ್ನು ಅದಕ್ಕೆ ಹಾಕಿ. ಕೆಲಸ ಆದ ಮೇಲೆ ಅನ್‌ಮೌಂಟ್ (ಹಳೆ ಆವೃತ್ತಿಗಳಲ್ಲಿ ಡಿಸ್‌ಮೌಂಟ್) ಮಾಡಿ ಮುಚ್ಚಲೇಬೇಕು, ಇಲ್ಲದಿದ್ದರೆ ಬೀಗ ತೆಗೆದು ಬಾಗಿಲು ಹಾರು ಹೊಡೆದಂತೆಯೇ ಲೆಕ್ಕ. ಹೊರಗೆ ಉಳಿದ ಹಳೆ ಪ್ರತಿಗಳನ್ನು ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ನಿಮ್ಮ ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಆದರೆ ಅಳಿಸಿದ್ದೆಲ್ಲ ಪೂರ್ತಿ ಹೋಯಿತು ಅಂತ ನಂಬಬೇಡಿ, ಹೊಸ ಲ್ಯಾಪ್‌ಟಾಪ್ ತಂದ ದಿನವೇ ಪೆಟ್ಟಿಗೆ ಮಾಡಿಕೊಂಡರೆ ಒಳ್ಳೆಯದು. ಲಿನಕ್ಸ್ ಹಾಕುವವರಿಗೆ ಇನ್ನೂ ಸುಲಭ, ಉಬುಂಟು ಹಾಕುವಾಗಲೇ ಡಿಸ್ಕನ್ನೇ ಲಕ್ಸ್ (LUKS) ಅನ್ನುವ ಲಿನಕ್ಸಿನ ಎನ್‌ಕ್ರಿಪ್ಷನ್ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ ಮಾಡಿಕೊಳ್ಳಬಹುದು. ಕ್ಲೌಡಿಗೆ ಹಾಕುವವರು ಕ್ರಿಪ್ಟೊಮೇಟರ್ ನೋಡಿ, ಅದು ಒಂದೊಂದು ಫೈಲನ್ನೂ ಬೇರೆ ಬೇರೆ ಎನ್‌ಕ್ರಿಪ್ಟ್ ಮಾಡುತ್ತದೆ.

"ಪಾಸ್‌ವರ್ಡ್ ಮರೆತರೆ ಎಂತ ಮಾಡದು ಮಾರಾಯ?" ಅಂತ ಅಪ್ಪಯ್ಯ ಕೇಳಿದರು. ಸರಿಯಾದ ಪ್ರಶ್ನೆ. ಒಟಿಪಿ ಇಲ್ಲ, 'ಫರ್ಗಾಟ್ ಪಾಸ್‌ವರ್ಡ್' ಇಲ್ಲ, ಮಾಡಿದವರಿಗೂ ತೆರೆಯಲು ಆಗುವುದಿಲ್ಲ. ವೆರಾಕ್ರಿಪ್ಟೇ 20ಕ್ಕಿಂತ ಜಾಸ್ತಿ ಅಕ್ಷರ ಇರಲಿ ಅನ್ನುತ್ತದೆ. ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ ಆರು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದೆವು. ಒಂದೊಂದು ಪದ ಅಮ್ಮನಿಂದ, ತಂಗಿಯಿಂದಲೂ ಬಂತು. ಪೆಟ್ಟಿಗೆಯ ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹೋಯಿತು, ಅದನ್ನು ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ. ಪದಗಳನ್ನು ಬರೆದ ಚೀಟಿಯನ್ನು ಅಪ್ಪಯ್ಯ ನಾಲ್ಕು ಮಡಿಕೆ ಮಾಡಿ, ಪಹಣಿಯ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಬೀರುವಿಗೆ ಬೀಗ ಹಾಕಿದರು.