ತಾರಸಿ ಡೈಪೋಲ್‌ಗೆ ಚೋಕ್ ಬ್ಯಾಲನ್: ಇಲ್ಲಿವರೆಗಿನ ಕೆಲಸ

ನನ್ನ ಹವ್ಯಾಸಿ (ಹ್ಯಾಮ್) ರೇಡಿಯೊದ ಮೈಕ್ ತುಟಿಗೆ ತಾಗಿದಾಗಲೆಲ್ಲ ಚುರ್ ಅನ್ನುತ್ತಿತ್ತು. ಇದೆಲ್ಲ ಶುರುವಾಗಿದ್ದು ಅಲ್ಲಿಂದ.

ಬಸವನಗುಡಿ ಮನೆಯ ತಾರಸಿಯಲ್ಲಿ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನ ಡೈಪೋಲ್, ಅಂದರೆ ಎರಡು ತೋಳಿನ ತಂತಿ ಆಂಟೆನಾ, ಕಟ್ಟಿ ಆರು ತಿಂಗಳಾಯಿತು. ಒಟ್ಟು 20 ಮೀಟರ್ ತಂತಿ. ಒಂದು ತುದಿ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ, ಇನ್ನೊಂದು ಹಿಂದಿನ ಮನೆಯ ತೆಂಗಿನ ಮರಕ್ಕೆ. ನಡುವೆ ಟಿವಿ ಕೇಬಲ್ ತರಹದ ಕೋಆಕ್ಸ್ ಕೇಬಲ್ಲನ್ನು ನೇರವಾಗಿ ಬೆಸುಗೆ ಹಾಕಿದ್ದೆ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತದೆ ಅನ್ನುವ ಅಳತೆ, 1 ಇದ್ದರೆ ಉತ್ತಮ) 1.3 ಬಂತು, ಇನ್ನೇನು ಬೇಕು ಅಂದುಕೊಂಡೆ. ಆದರೆ 100 ವಾಟ್‌ನಲ್ಲಿ ಮಾತಾಡಿದರೆ ಕಂಪ್ಯೂಟರ್ ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ಕೆಳಗಿನ ಮನೆ ಆಂಟಿ ಮೆಟ್ಟಿಲ ಹತ್ತಿರ ನಿಲ್ಲಿಸಿ, "ನೀನು ಮೇಲೆ ಶುರು ಮಾಡಿದ್ರೆ ನಮ್ಮ ಬೆಲ್ ತಾನೇ ಹೊಡ್ಕೊಳತ್ತಪ್ಪಾ" ಅಂದರು. ರೂಮಿನಲ್ಲಿ ಕೇಬಲ್ಲನ್ನು ಕೈಯಲ್ಲಿ ಹಿಡಿದರೆ ಎಸ್‌ಡಬ್ಲ್ಯುಆರ್ ಮುಳ್ಳು ಅಲುಗುತ್ತಿತ್ತು. ಕೇಬಲ್ ಮುಟ್ಟಿದ್ದಕ್ಕೆ ಮುಳ್ಳು ಅಲುಗಬಾರದು, ಅಲ್ವಾ?

ಕೋಆಕ್ಸ್‌ನಲ್ಲಿ ಕಾಣುವುದು ಎರಡು ವಾಹಕ: ನಡುವಿನ ತಂತಿ, ಅದರ ಸುತ್ತ ಹೆಣೆದ ಲೋಹದ ಬಲೆ, ಅಂದರೆ ಬ್ರೇಡ್. ಆದರೆ ರೇಡಿಯೊ ಆವರ್ತನದಲ್ಲಿ ಕರೆಂಟ್ ಲೋಹದ ಮೈಮೇಲಷ್ಟೇ ಹರಿಯುತ್ತದೆ. ಹಾಗಾಗಿ ಬ್ರೇಡ್‌ನ ಒಳಮೈ ಬೇರೆ, ಹೊರಮೈ ಬೇರೆ. ಒಳಮೈಯಲ್ಲಿ ಮೇಲೆ ಬಂದ ಕರೆಂಟ್ ಡೈಪೋಲ್ ಹತ್ತಿರ ಎರಡು ದಾರಿ ನೋಡುತ್ತದೆ: ತಂತಿಯ ಒಂದು ತೋಳು, ಇಲ್ಲವೇ ಹೊರಮೈ ಹಿಡಿದು ವಾಪಸ್ ಕೆಳಗೆ. ಹಾಗೆ ಕೆಳಗಿಳಿದದ್ದೇ ನನ್ನ ತುಟಿಗೆ, ಆಂಟಿಯ ಬೆಲ್ಲಿಗೆ ಬರುತ್ತಿತ್ತು. ಚೋಕ್ ಬ್ಯಾಲನ್ ಅಂದರೆ ಇಲ್ಲಿ ರಿಂಗಿಗೆ ಸುತ್ತಿದ ಕೇಬಲ್. ಅದು ಮಾಡುವುದು ಇಷ್ಟೇ: ಆ ಹೊರಮೈಯ ದಾರಿಗೆ ಕೆಲವು ಸಾವಿರ ಓಮ್ ತಡೆ ಹಾಕುವುದು. ಒಳಗಿನ ಸಿಗ್ನಲ್‌ಗೆ ಅದರ ಗೊಡವೆಯೇ ಇಲ್ಲ.

ಮೊದಲ ಪ್ರಯತ್ನ ಜಿಪುಣತನದ್ದು. ಎಸ್.ಪಿ. ರೋಡಿನಲ್ಲಿ ಹಳೇ ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ರಿಂಗ್ ಸಿಕ್ಕಿತು. ತೆಳ್ಳಗಿನ ಆರ್‌ಜಿ-316 ಕೇಬಲ್ಲನ್ನು ಎಂಟು ಸುತ್ತು ಸುತ್ತಿದೆ. ಸಿಗ್ನಲ್ ಎಷ್ಟು ದಾಟುತ್ತದೆ ಅಂತ ಅಳೆಯುವ ಪುಟ್ಟ ಉಪಕರಣ ನನ್ನ ಹತ್ತಿರ ಇದೆ, ನ್ಯಾನೋವಿಎನ್‌ಎ. ಎರಡೂ ತುದಿಯ ಬ್ರೇಡನ್ನು ನ್ಯಾನೋವಿಎನ್‌ಎಯ ಎರಡು ಪೋರ್ಟುಗಳ ನಡುಪಿನ್ನಿಗೆ ಜೋಡಿಸಿ ನೋಡಿದರೆ 7.1 ಮೆಗಾಹರ್ಟ್ಸ್‌ನಲ್ಲಿ ಬರೀ ಮೈನಸ್ 9 ಡಿಬಿ. ಅಂದರೆ 250 ಓಮ್ ಆಸುಪಾಸು. ಅದು ಇದಕ್ಕೆ ಬೇಕಾದ ಫೆರೈಟ್ ಅನ್ನುವ ಕಾಂತೀಯ ವಸ್ತುವೇ ಅಲ್ಲ, ಕಬ್ಬಿಣದ ಪುಡಿಯ ರಿಂಗ್. ಈ ಕೆಲಸಕ್ಕೆ ದಂಡ.

ಕೊನೆಗೆ ಪರಿಚಯದ ಹಿರಿಯ ಹ್ಯಾಮ್ ಒಬ್ಬರು ತಮ್ಮ ಡಬ್ಬದಿಂದ ಎಫ್‌ಟಿ240-31 ತೆಗೆದು ಕೊಟ್ಟರು. 61 ಮಿಲಿಮೀಟರ್ ಅಗಲದ ಕಪ್ಪು ಫೆರೈಟ್ ರಿಂಗ್, 31 ಮಿಕ್ಸ್ ಅನ್ನುವ ಬಗೆಯದು. "ಸುತ್ತು ಎಣಿಸೋದು ರಿಂಗಿನ ಒಳಗಡೆ, ಹೊರಗಡೆ ಅಲ್ಲ ಕಣಯ್ಯಾ" ಅಂತ ಹೇಳಿಯೂ ಕಳಿಸಿದರು. ಆದರೂ ನಾನು ಹೊರಗಡೆಯೇ ಎಣಿಸಿದೆ. ಹನ್ನೆರಡು ಅಂದುಕೊಂಡಿದ್ದು ಒಳಗೆ ನೋಡಿದರೆ ಹದಿಮೂರು. ಬಿಚ್ಚಿ ಮತ್ತೆ ಸುತ್ತಿದೆ. ಸುತ್ತು ಜಾಸ್ತಿಯಾದಷ್ಟೂ ಒಳ್ಳೆಯದು ಅಂತೇನಿಲ್ಲ. ಇಂಡಕ್ಟನ್ಸ್ ಸುತ್ತಿನ ವರ್ಗದಂತೆ ಏರುತ್ತದೆ, ನಿಜ. ಆದರೆ ಸುತ್ತುಗಳ ನಡುವಿನ ಕೆಪಾಸಿಟನ್ಸೂ ಏರಿ, ಚೋಕ್ ಚೆನ್ನಾಗಿ ಕೆಲಸ ಮಾಡುವ ಜಾಗ ಕೆಳಗಿನ ಬ್ಯಾಂಡಿಗೆ ಜಾರುತ್ತದೆ. ನನಗೆ 20 ಮೀಟರ್ ಬ್ಯಾಂಡಿಗೂ ಇದೇ ಬೇಕು.

ಅಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕೊಡದ ಕೆಳಗೆ ಇಡೋ ಸಿಂಬಿ ಇದ್ದ ಹಾಗಿದೆ" ಅಂದರು. ಈಗ ನಮ್ಮ ಮನೆಯಲ್ಲಿ ಅದರ ಹೆಸರೇ ಸಿಂಬಿ.

ಅಳೆಯುವಾಗ ಇನ್ನೊಂದು ಪಾಠ. ಉದ್ದನೆಯ ಕ್ರೊಕೊಡೈಲ್ ಕ್ಲಿಪ್ ವೈರ್ ಹಾಕಿದ್ದಕ್ಕೆ ಪ್ರತಿ ಸಲ ಬೇರೆ ಬೇರೆ ಅಂಕಿ. ವೈರ್ ಬಿಟ್ಟು ಬ್ರೇಡನ್ನು ನೇರವಾಗಿ ಕನೆಕ್ಟರ್ ಪಿನ್ನಿಗೆ ಬೆಸೆದ ಮೇಲೆ ಮೈನಸ್ 33 ಡಿಬಿ ನಿಂತಿತು. ನಾಲ್ಕು ಸಾವಿರ ಓಮ್‌ಗಿಂತ ಜಾಸ್ತಿ!

ಕಳೆದ ಭಾನುವಾರ ಸಿಂಬಿಯನ್ನು ವೈರಿಂಗ್ ಬಾಕ್ಸಿನಲ್ಲಿಟ್ಟು, ಸಂದುಗಳಿಗೆ ಎಂ-ಸೀಲ್ ಮೆತ್ತಿ ಮೇಲೆ ಏರಿಸಿದೆ. ಭಾರಕ್ಕೆ ಡೈಪೋಲ್ ನಡುವೆ ಒಂದಡಿ ಜಗ್ಗಿದೆ, ಇರಲಿ. ತುಟಿ ಚುರ್ ಅನ್ನುವುದು ನಿಂತಿತು. ಕೇಬಲ್ ಹಿಡಿದರೂ ಮುಳ್ಳು ಅಲುಗುವುದಿಲ್ಲ. ಎಸ್‌ಡಬ್ಲ್ಯುಆರ್ ಮಾತ್ರ 1.3ರಿಂದ 1.6ಕ್ಕೆ ಏರಿತು! ಮೊದಲು ಗಾಬರಿಯಾಯಿತು. ಆಮೇಲೆ ಹೊಳೆಯಿತು: ಹಳೇ 1.3ರಲ್ಲಿ ಕೇಬಲ್‌ನ ಪಾಲೂ ಸೇರಿತ್ತು. ಈಗ ಕಾಣುತ್ತಿರುವುದು ತಂತಿಯ ಅಸಲಿ ಲೆಕ್ಕ. ಎರಡೂ ತುದಿಯಲ್ಲಿ ಒಂದೊಂದು ಗೇಣು ಮಡಚಿ ಕಟ್ಟಿದ ಮೇಲೆ 1.4ಕ್ಕೆ ಇಳಿಯಿತು.

ನಾನು ಎಣಿಸದೇ ಇದ್ದ ಲಾಭ ಕೇಳುವುದರಲ್ಲಿ ಸಿಕ್ಕಿತು. ರಾತ್ರಿ ರೇಡಿಯೊದ ಸಿಗ್ನಲ್ ಮೀಟರಿನಲ್ಲಿ ಎಸ್7 ಇರುತ್ತಿದ್ದ ಗದ್ದಲ ಎಸ್5ಕ್ಕೆ ಬಂದಿದೆ, ಅಂದರೆ 12 ಡಿಬಿ ಕಡಿಮೆ. ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರ್‌ಗಳ ಕಸವನ್ನೆಲ್ಲ ಕೇಬಲ್‌ನ ಹೊರಮೈಯೇ ಹೊತ್ತು ಮೇಲಕ್ಕೆ ಸಾಗಿಸುತ್ತಿತ್ತು. ಮೊನ್ನೆ ಬೀದಿಯಲ್ಲೆಲ್ಲ ಕರೆಂಟ್ ಹೋದಾಗ ರೇಡಿಯೊ ಸೆಟ್ಟನ್ನು ಬ್ಯಾಟರಿಗೆ ಹಾಕಿ ಕೇಳಿದೆ. ಎಸ್2! ಇನ್ನೂ ಎಷ್ಟು ಕಸ ಉಳಿದಿದೆ ಅನ್ನುವುದು ಗೊತ್ತಾಯಿತು.

ಆಂಟಿಯ ಬೆಲ್ ಈಗ ಸುಮ್ಮನಿದೆ. ಸ್ಪೀಕರ್ ಮಾತ್ರ 20 ಮೀಟರ್ ಬ್ಯಾಂಡಿನಲ್ಲಿ ಇನ್ನೂ ಸಣ್ಣಗೆ ಗೊಣಗುತ್ತಿದೆ. ಎರಡನೇ ಸಿಂಬಿಗೆ ರಿಂಗ್ ಹುಡುಕುತ್ತಿದ್ದೇನೆ. ಅದು ಕೇಬಲ್ ರೂಮಿಗೆ ಬರುವ ಕಿಟಕಿಯ ಹತ್ತಿರ ಕೂರಬೇಕು.