ಕಾಬ್ಲರ್ ಮೇಲೆ ಕೆಂಪಗೆ, ಒಳಗೆ ಹಸಿ: ಯಾಕೆ ಹೀಗಾಗುತ್ತದೆ?

"ಬಿಸ್ಕ್ವಿಕ್ ಹಾಕಿ ಆಪಲ್ ಕಾಬ್ಲರ್ ಮಾಡಿದೆ. ಮೇಲೆ ಚೆನ್ನಾಗಿ ಕೆಂಪಗಾಯ್ತು. ಚಮಚ ಹಾಕಿ ತೆಗೆದ್ರೆ ಕೆಳಗೆ ಹಸಿ ಹಿಟ್ಟು. ಇನ್ನೂ ಇಪ್ಪತ್ತು ನಿಮಿಷ ಇಟ್ಟೆ, ಅಂಚೆಲ್ಲ ಕರಕಲಾಯ್ತು, ನಡುವೆ ಮಾತ್ರ ಹಾಗೇ ಇದೆ. ಎಲ್ಲಿ ತಪ್ಪಾಯ್ತು?"

ಅಮೆರಿಕದಲ್ಲಿರುವ ಕನ್ನಡದವರು ಕೇಳುವ ಪ್ರಶ್ನೆ ಇದು. ಕಾಬ್ಲರ್ ಅಂದರೆ ಹಣ್ಣು, ಹಿಟ್ಟು ಒಟ್ಟಿಗೆ ಓವನ್ನಿನಲ್ಲಿ ಬೇಯಿಸುವ ಅಲ್ಲಿಯ ಸಿಹಿತಿಂಡಿ. ಬಿಸ್ಕ್ವಿಕ್ ಅಂದರೆ ಮೈದಾ, ಎಣ್ಣೆ, ಬೇಕಿಂಗ್ ಪೌಡರ್, ಉಪ್ಪು ಮೊದಲೇ ಬೆರೆಸಿದ ಡಬ್ಬದ ಮಿಕ್ಸ್. ಬೆಂಗಳೂರಿನಲ್ಲಿ ಪ್ಯಾನ್‌ಕೇಕ್ ಮಿಕ್ಸ್ ತಂದು ಓಟಿಜಿಯಲ್ಲಿ, ಅಂದರೆ ಚಿಕ್ಕ ಕರೆಂಟ್ ಓವನ್ನಿನಲ್ಲಿ, ಮಾಡುವವರೂ ಇದನ್ನೇ ಕೇಳುತ್ತಾರೆ. ಚಿಕ್ಕ ಉತ್ತರ: ಸೇಬನ್ನು ಹಸಿಯಾಗಿ ಹಾಕಿದ್ದೀರಿ. ಓವನ್ನಿನದೂ ತಪ್ಪಿಲ್ಲ, ಮಿಕ್ಸಿನದೂ ತಪ್ಪಿಲ್ಲ.

ಎಲ್ಲರ ಕೈಯಲ್ಲೂ ಓಡಾಡುವ ಲೆಕ್ಕ ಹೀಗಿದೆ: 1 ಕಪ್ ಮಿಕ್ಸ್, 1 ಕಪ್ ಹಾಲು, 1 ಕಪ್ ಸಕ್ಕರೆ, ಅರ್ಧ ಕಪ್ ಕರಗಿಸಿದ ಬೆಣ್ಣೆ, ಮೇಲೆ ಒಂದು ದೊಡ್ಡ ಡಬ್ಬಿ ಪೀಚ್, ರಸ ಬಸಿದದ್ದು. 375 ಡಿಗ್ರಿ ಫ್ಯಾರನ್‌ಹೀಟ್, ಸುಮಾರು ಒಂದು ಗಂಟೆ. ಗಮನಿಸಬೇಕಾದ್ದು ಆ ಡಬ್ಬಿಯನ್ನು. ಡಬ್ಬಿಯ ಪೀಚ್ ಆಗಲೇ ಬೆಂದಿರುತ್ತದೆ, ಬಿಡಬೇಕಾದ ನೀರನ್ನು ಆಗಲೇ ಬಿಟ್ಟಿರುತ್ತದೆ. ಅದು ಓವನ್ನಿನಲ್ಲಿ ಬಿಸಿಯಾದರೆ ಸಾಕು. ಅದೇ ಜಾಗಕ್ಕೆ ಫ್ರಿಜ್ಜಿನಿಂದ ತೆಗೆದ ಹಸಿ ಸೇಬನ್ನು ಹೆಚ್ಚಿ ಹಾಕಿದರೆ ಕಥೆಯೇ ಬೇರೆ.

ಸೇಬಿನಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು. ಅದರ ಗಾತ್ರದ ಕಾಲು ಭಾಗದಷ್ಟು ಗಾಳಿ. ಸೇಬು ನೀರಿನಲ್ಲಿ ತೇಲುವುದು ಇದೇ ಗಾಳಿಯಿಂದ. ಶಾಖ ಒಳಗೆ ಹೋಗುವವರೆಗೆ ನೀರು ಹೊರಗೆ ಬರುವುದಿಲ್ಲ. ಓವನ್ನಿಗೆ ಹೋಗಿ ಇಪ್ಪತ್ತು ಇಪ್ಪತ್ತೈದು ನಿಮಿಷವಾದ ಮೇಲೆ, ಹಿಟ್ಟು ಇನ್ನೇನು ಗಟ್ಟಿಯಾಗಬೇಕು ಅನ್ನುವಾಗ, ರಸ ಇಳಿಯಲು ಶುರುವಾಗುತ್ತದೆ. ನೀರು ಸೇರಿದ ಹಿಟ್ಟು ತೆಳ್ಳಗಾಗುತ್ತದೆ. ಸಕ್ಕರೆ ಜಾಸ್ತಿ ಇರುವ ಹಿಟ್ಟಿನಲ್ಲಿ ಪಿಷ್ಟ ಬೇಯುವುದಕ್ಕೆ ಹೇಗೂ ಹೆಚ್ಚು ಶಾಖ ಬೇಕು, ಈಗ ಅದೂ ತಡ. ಇಷ್ಟರಲ್ಲಿ ಮೇಲ್ಪದರ ಕೆಂಪಗಾಗಿ "ಆಯ್ತು" ಅಂತ ಸುಳ್ಳು ಹೇಳುತ್ತಿರುತ್ತದೆ.

ಹಾಗಾಗಿ ಸೇಬನ್ನು ಮೊದಲು ಒಲೆಯ ಮೇಲೆ ಬಾಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

8 ಇಂಚಿನ ಚೌಕ ಪಾತ್ರೆಗೆ, ಅಂದರೆ ಸುಮಾರು 2 ಲೀಟರ್ ಹಿಡಿಯುವಂಥದ್ದಕ್ಕೆ, ಮಧ್ಯಮ ಗಾತ್ರದ 4 ಸೇಬು, ಒಟ್ಟು 700 ಗ್ರಾಂ. ಸಿಪ್ಪೆ, ಬೀಜದ ಭಾಗ ತೆಗೆದ ಮೇಲೆ ಸುಮಾರು 600 ಗ್ರಾಂ ಉಳಿಯುತ್ತದೆ. ಕಾಲು ಇಂಚು ದಪ್ಪದ ಹೋಳುಗಳಾಗಿ ಹೆಚ್ಚಿ. ಸಿಪ್ಪೆ ಬಿಡಬಾರದೇ ಎಂದು ಕೇಳಿದರೆ, ಬಿಡಬಹುದು, ಆದರೆ ಬೆಂದ ಮೇಲೆ ಅದು ತಿರುಳಿನಿಂದ ಬಿಟ್ಟುಕೊಂಡು ಹಲ್ಲಿಗೆ ಸಿಗುತ್ತದೆ. ಅಗಲ ಬಾಣಲೆಯಲ್ಲಿ 1 ದೊಡ್ಡ ಚಮಚ ಬೆಣ್ಣೆ, ಹೋಳುಗಳು, 3 ದೊಡ್ಡ ಚಮಚ ಸಕ್ಕರೆ, 1 ದೊಡ್ಡ ಚಮಚ ನಿಂಬೆರಸ, ಅರ್ಧ ಟೀ ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು. ಮುಚ್ಚಿ, ಸಣ್ಣ ಉರಿಯಲ್ಲಿ 7ರಿಂದ 8 ನಿಮಿಷ. ಹೋಳು ಬೆರಳಲ್ಲಿ ಹಿಡಿದರೆ ಬಾಗಬೇಕು, ಮುರಿಯಬಾರದು. ಬಾಗುವ ಹದದಲ್ಲಿ ಅದರ ಅಂಚು ತುಸು ಪಾರದರ್ಶಕವಾಗಿರುತ್ತದೆ, ನಡುವೆ ಇನ್ನೂ ಬೆಳ್ಳಗೆ ಗೆರೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ.

ಉರಿ ಸಣ್ಣದೇ ಇರಬೇಕು. ಸೇಬಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಇದ್ದರೆ ಹಣ್ಣಿನೊಳಗಿನ ಒಂದು ಕಿಣ್ವ ಆ ಪೆಕ್ಟಿನ್ನನ್ನು ಗಟ್ಟಿ ಮಾಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಜೋರು ಉರಿಯಲ್ಲಿ ಆ ಹಂತವನ್ನು ಒಂದೇ ಏಟಿಗೆ ದಾಟಿಬಿಡುತ್ತೀರಿ, ಸೇಬು ಗೊಜ್ಜಾಗುತ್ತದೆ. ನಿಂಬೆರಸದ ಹುಳಿಯೂ ಹೋಳು ಕರಗದಂತೆ ಕಾಯುತ್ತದೆ.

ಬೆಂದ ಹೋಳುಗಳನ್ನು ಜಾಲರಿಯಲ್ಲಿ ಬಸಿದು, ರಸವನ್ನು ಅದೇ ಬಾಣಲೆಯಲ್ಲಿ 2 ದೊಡ್ಡ ಚಮಚದಷ್ಟಾಗುವವರೆಗೆ ಕುದಿಸಿ, ಮತ್ತೆ ಹೋಳಿಗೆ ಸೇರಿಸಿ. ರುಚಿ ಎಲ್ಲೂ ಹೋಗಲಿಲ್ಲ, ನೀರು ಮಾತ್ರ ಹೋಯಿತು. ಈ ವಿಧಾನದಲ್ಲಿ ಕಾರ್ನ್‌ಫ್ಲೋರ್ ಬೇಕಿಲ್ಲ.

ಈಗ ಹಿಟ್ಟು. ಓವನ್ 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಪಾತ್ರೆಯಲ್ಲಿ 85 ಗ್ರಾಂ ಉಪ್ಪಿಲ್ಲದ ಬೆಣ್ಣೆ ಹಾಕಿ, ಅದು ಕರಗುವವರೆಗೆ ಓವನ್ನಿನಲ್ಲೇ ಇಡಿ. ಬೋಗುಣಿಯಲ್ಲಿ 1 ಕಪ್ ಅಂದರೆ 120 ಗ್ರಾಂ ಮಿಕ್ಸ್, ಮುಕ್ಕಾಲು ಕಪ್ ಅಂದರೆ 150 ಗ್ರಾಂ ಸಕ್ಕರೆ, ಮುಕ್ಕಾಲು ಕಪ್ ಅಂದರೆ 180 ಮಿಲಿ ಹಾಲು. ಮೂಲ ಲೆಕ್ಕದ 1 ಕಪ್ ಹಾಲನ್ನು ಬೇಕೆಂದೇ ಇಳಿಸಿದ್ದೇವೆ, ಎಷ್ಟು ಬಸಿದರೂ ಸೇಬು ಇನ್ನೊಂದಿಷ್ಟು ರಸ ಬಿಡುತ್ತದೆ. ಸೆಟ್ ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿನ ಹದ ಬರುತ್ತದೆ. ಹದಿನೈದು ಇಪ್ಪತ್ತು ಸುತ್ತು ತಿರುಗಿಸಿ ಬಿಟ್ಟುಬಿಡಿ. ಸಣ್ಣ ಗಂಟುಗಳಿದ್ದರೆ ಇರಲಿ. ಗಂಟು ಒಡೆಯುವ ಹಟಕ್ಕೆ ಬಿದ್ದರೆ ಮೈದಾದ ಅಂಟು ಎದ್ದು ಕಾಬ್ಲರ್ ರಬ್ಬರಿನಂತಾಗುತ್ತದೆ.

ಕರಗಿದ ಬೆಣ್ಣೆಯ ಮೇಲೆ ಹಿಟ್ಟು ಸುರಿಯಿರಿ. ಕಲಸಬೇಡಿ. ಅದರ ಮೇಲೆ ಬಿಸಿ ಸೇಬನ್ನು ಚಮಚದಿಂದ ಅಲ್ಲಲ್ಲಿ ಹರಡಿ. ಆಗಲೂ ಕಲಸಬೇಡಿ. ಬೆಣ್ಣೆ ಅಂಚಿನಲ್ಲಿ ಮೇಲಕ್ಕೆ ಬಂದು ನಿಂತಿರುತ್ತದೆ, ನೋಡುವುದಕ್ಕೆ ಏನೋ ಕೆಟ್ಟಂತೆ ಇರುತ್ತದೆ. ಅದು ಸರಿಯೇ. ಮಿಕ್ಸಿನಲ್ಲಿರುವ ಸೋಡಾ ಮತ್ತು ಆಮ್ಲ ಗುಳ್ಳೆ ಬಿಟ್ಟಾಗ ಹಿಟ್ಟು ಉಬ್ಬಿ ಹಣ್ಣಿನ ಸುತ್ತ ಏರುತ್ತದೆ, ಹಣ್ಣು ಕೆಳಗಿಳಿಯುತ್ತದೆ, ಅಂಚು ಬೆಣ್ಣೆಯಲ್ಲಿ ಕರಿದಂತೆ ಗರಿಗರಿಯಾಗುತ್ತದೆ. ಕಲಸಿಬಿಟ್ಟರೆ ಈ ಮೂರೂ ಆಗುವುದಿಲ್ಲ, ಸೇಬಿನ ಕೇಕ್ ಆಗುತ್ತದೆ. ಕೇಕೂ ಚೆನ್ನಾಗಿಯೇ ಇರಬಹುದು, ಆದರೆ ನೀವು ಕೇಳಿದ್ದು ಕಾಬ್ಲರ್.

ಗಾಜಿನ ಪಾತ್ರೆ ಬಳಸುವವರಿಗೆ ಒಂದು ಎಚ್ಚರಿಕೆ. ಓವನ್ನಿನಿಂದ ತೆಗೆದ ಬಿಸಿ ಗಾಜಿಗೆ ತಣ್ಣನೆಯ ಹಾಲಿನಲ್ಲಿ ಕಲಸಿದ ಹಿಟ್ಟು ಸುರಿದರೆ ಗಾಜು ಸಿಡಿಯಬಹುದು. ಬೆಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಗಾಜಿಗೆ ಹಾಕಿ, ಹಾಲನ್ನು ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟಿರಿ. ಗಾಜಾದರೆ ಓವನ್ 175 ಡಿಗ್ರಿ ಸಾಕು. ಅದು ನಿಧಾನ ಕಾಯುತ್ತದೆ, ಕಾದ ಮೇಲೆ ಬಿಡುವುದಿಲ್ಲ.

40ರಿಂದ 45 ನಿಮಿಷ. ಬಣ್ಣ ನೋಡಿ ತೆಗೆಯಬೇಡಿ. ನಡುಮಧ್ಯದಲ್ಲಿ, ಹಣ್ಣಿಲ್ಲದ ಕಡೆ, ಚಾಕುವಿನ ತುದಿಯಿಂದ ಮೇಲ್ಪದರವನ್ನು ಸ್ವಲ್ಪ ಬಿಡಿಸಿ ನೋಡಿ. ಹಸಿ ಹಿಟ್ಟು ಸುಣ್ಣದಂತೆ ಬೆಳ್ಳಗೆ ಮಂಕಾಗಿ ಚಾಕುವಿಗೆ ಎಳೆದುಕೊಂಡು ಬರುತ್ತದೆ, ನಾಲಗೆಗೆ ಮೈದಾ ವಾಸನೆ. ಬೆಂದು ರಸ ಕುಡಿದ ಭಾಗ ಹೊಳೆಯುತ್ತದೆ, ಅದರಲ್ಲಿ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಒದ್ದೆ ಇದ್ದ ಮಾತ್ರಕ್ಕೆ ಹಸಿ ಅಲ್ಲ. ಕಾಬ್ಲರಿನ ತಳ ಒದ್ದೆಯಾಗಿಯೇ ಇರಬೇಕು. "ಬೆಂದಿಲ್ಲ" ಎಂದು ಬರುವ ದೂರುಗಳಲ್ಲಿ ಕೆಲವು ನಿಜಕ್ಕೂ ಬೆಂದ ಕಾಬ್ಲರಿನ ಮೇಲಿನ ದೂರುಗಳೇ. ಥರ್ಮಾಮೀಟರ್ ಇದ್ದರೆ ಹಿಟ್ಟಿನ ನಡುವೆ 93 ಡಿಗ್ರಿ ಸೆಲ್ಸಿಯಸ್, ಅಂದರೆ 200 ಫ್ಯಾರನ್‌ಹೀಟ್ ತೋರಿಸಬೇಕು. ಅಂಚಿನ ರಸ ಗುಳ್ಳೆ ಗುಳ್ಳೆಯಾಗಿ ನಿಧಾನ ಕುದಿಯುತ್ತಿರಬೇಕು. ಮೇಲೆ ಬೇಗ ಕೆಂಪಗಾದರೆ ಫಾಯಿಲನ್ನು ಸಡಿಲವಾಗಿ ಮುಚ್ಚಿ ಮುಂದುವರಿಸಿ.

ಮಿಕ್ಸ್ ಯಾವುದು ಅನ್ನುವುದೂ ಮುಖ್ಯ. ಬಿಸ್ಕ್ವಿಕ್ ಬಂದದ್ದು 1931ರಲ್ಲಿ. ಜನರಲ್ ಮಿಲ್ಸ್ ಕಂಪನಿಯ ಕಾರ್ಲ್ ಸ್ಮಿತ್ 1930ರಲ್ಲಿ ರೈಲಿನಲ್ಲಿ ಹೋಗುವಾಗ, ಅಡುಗೆಯವನು ಹಿಟ್ಟು, ಕೊಬ್ಬು, ಬೇಕಿಂಗ್ ಪೌಡರ್, ಉಪ್ಪನ್ನು ಮೊದಲೇ ಬೆರೆಸಿಟ್ಟುಕೊಂಡು ಕ್ಷಣದಲ್ಲಿ ಬಿಸಿ ಬಿಸ್ಕಿಟ್ (ಅಮೆರಿಕದಲ್ಲಿ ಇದು ಮೆತ್ತನೆಯ ಬನ್ನಿನಂಥದ್ದು) ಮಾಡಿಕೊಟ್ಟದ್ದನ್ನು ನೋಡಿ ಹೊಳೆದದ್ದು ಇದು ಎಂಬುದು ಕಂಪನಿ ಹೇಳುವ ಕಥೆ. ಅಂದಿನ ಕೊಬ್ಬಿನ ಜಾಗದಲ್ಲಿ ಇಂದು ಸಸ್ಯದ ಎಣ್ಣೆ ಇದೆ. ಈ ವಿಧಾನದಲ್ಲಿ ಮೊಟ್ಟೆ ಬೇಡವೇ ಬೇಡ. ನಮ್ಮ ಮನೆಗಳಲ್ಲಿ ಇದು ಸಲೀಸಾಗಿ ಒಗ್ಗಿಕೊಂಡಿರುವುದಕ್ಕೆ ಅದೂ ಕಾರಣ. ಆದರೂ ಬೇರೆ ಬೇರೆ ಕಂಪನಿಗಳ ಮಿಕ್ಸ್ ಬೇರೆ ಬೇರೆ ಇರುತ್ತದೆ, ಪಟ್ಟಿ ಓದಿಯೇ ಕೊಳ್ಳಿ.

ಬಿಸ್ಕ್ವಿಕ್ ಸಿಗದ ಕಡೆ 1 ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, 1 ದೊಡ್ಡ ಚಮಚ ಬೆಣ್ಣೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿದರೆ ಆಯಿತು. ನಿಜ ಹೇಳಬೇಕೆಂದರೆ ಇದಕ್ಕಾಗಿ ದುಬಾರಿ ಆಮದು ಡಬ್ಬ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂಗಡಿಯ ಪ್ಯಾನ್‌ಕೇಕ್ ಮಿಕ್ಸ್ ಬಳಸುವುದಾದರೆ ಅದರಲ್ಲಿ ಸಕ್ಕರೆ ಇರುತ್ತದೆ, ಹಾಕುವ ಸಕ್ಕರೆಯಲ್ಲಿ 2 ದೊಡ್ಡ ಚಮಚ ಕಡಿಮೆ ಮಾಡಿ. ನೀರು ಸೇರಿಸಿದರೆ ಸಾಕು ಅನ್ನುವಂಥದ್ದಾದರೆ ಹಾಲಿನ ಪುಡಿಯೂ ಇರಬಹುದು, ಬೇಗ ಕೆಂಪಗಾಗುತ್ತದೆ, ಅರ್ಧ ಹಾಲು ಅರ್ಧ ನೀರು ಹಾಕಿ. ಕೇಕ್ ಮಿಕ್ಸ್ ಮಾತ್ರ ಬೇಡ, ಅದರಲ್ಲಿ ಸಕ್ಕರೆ ತುಂಬಾ ಇರುತ್ತದೆ. ಉಪ್ಪಿರುವ ಬೆಣ್ಣೆಯೂ ಬೇಡ. ಮಿಕ್ಸಿನ ಉಪ್ಪೇ ಸಾಕಷ್ಟಿದೆ, ಎರಡೂ ಸೇರಿದರೆ ನಾಲಗೆಗೆ ತಟ್ಟುತ್ತದೆ.

ವರ್ಷಗಟ್ಟಲೆ ಕಪಾಟಿನಲ್ಲಿದ್ದ ಮಿಕ್ಸ್ ಉಬ್ಬುವುದಿಲ್ಲ. ಅನುಮಾನವಿದ್ದರೆ ಒಂದು ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ, ಗುಳ್ಳೆ ಏಳಬೇಕು. ಗುಳ್ಳೆ ಎದ್ದರೂ ಹಳೆ ಎಣ್ಣೆಯ ಕಮಟು ವಾಸನೆ ಬಂದರೆ ಬಿಸಾಡಿ.

ಸೇಬಿನ ಆಯ್ಕೆಗೆ ಬಂದರೆ, ಅಮೆರಿಕದಲ್ಲಿ ಗ್ರ್ಯಾನಿ ಸ್ಮಿತ್ ಎರಡು, ಹನಿಕ್ರಿಸ್ಪ್ ಅಥವಾ ಗೋಲ್ಡನ್ ಡೆಲಿಷಿಯಸ್ ಎರಡು, ಇದಕ್ಕಿಂತ ಒಳ್ಳೆಯ ಜೋಡಿ ಬೇಡ. ಮೆಕಿಂಟಾಶ್ ಕರಗಿ ಹೋಗುತ್ತದೆ. ನಮ್ಮ ಊರುಗಳಲ್ಲಿ ಸಿಗುವ ಹಿಮಾಚಲ, ಕಾಶ್ಮೀರದ ಕೆಂಪು ಡೆಲಿಷಿಯಸ್ ಹಾಗೇ ತಿನ್ನಲು ಸೊಗಸು, ಬೇಯಿಸಲು ಅಷ್ಟಕ್ಕಷ್ಟೆ: ಹುಳಿ ಕಡಿಮೆ, ಕೋಲ್ಡ್ ಸ್ಟೋರೇಜಿನಲ್ಲಿ ಬಹಳ ದಿನ ಇದ್ದರೆ ಹಿಟ್ಟುಹಿಟ್ಟಾಗಿರುತ್ತದೆ. ಅದೇ ಗತಿಯಾದರೆ ಗಟ್ಟಿಯಾದದ್ದನ್ನು ಆರಿಸಿ, ಹೋಳನ್ನು ಅರ್ಧ ಇಂಚು ದಪ್ಪ ಮಾಡಿ, ನಿಂಬೆರಸ 2 ದೊಡ್ಡ ಚಮಚಕ್ಕೆ ಏರಿಸಿ, ಒಲೆಯ ಮೇಲೆ 4 ನಿಮಿಷ ಮಾತ್ರ ಇಡಿ. ಒಂದೆರಡು ಹಸಿರು ಸೇಬು ಬೆರೆಸಿದರಂತೂ ಉತ್ತಮ. ಏಲಕ್ಕಿ ಹಾಕಬಹುದೇ ಎಂದೂ ಕೇಳುತ್ತಾರೆ. ಹಾಕಿ, ಯಾರೂ ಬೇಡವೆನ್ನುವುದಿಲ್ಲ, ಆದರೆ ಚಕ್ಕೆಯ ಜೊತೆ ಕಾಲು ಟೀ ಚಮಚ ಮೀರಿದರೆ ಮನೆಯೆಲ್ಲ ಕೇಸರಿಬಾತಿನ ಘಮ.

ಓಟಿಜಿಯಲ್ಲಿ ಮೇಲಿನ ಕಂಬಿ ಪಾತ್ರೆಗೆ ತೀರಾ ಹತ್ತಿರ. ಎರಡೂ ಕಂಬಿ ಹಾಕಿ 15 ನಿಮಿಷ ಕಾಯಿಸಿ, ಪಾತ್ರೆಯನ್ನು ಕೆಳಗಿನ ಅಂತಸ್ತಿನಲ್ಲಿಡಿ, ಅರ್ಧ ದಾರಿಯಲ್ಲಿ ಫಾಯಿಲ್ ಮುಚ್ಚಿ. ಮೈಕ್ರೋವೇವ್ ಓವನ್ನಾದರೆ ಕನ್ವೆಕ್ಷನ್ ಮಾತ್ರ, 180 ಡಿಗ್ರಿ, ಗಿಡ್ಡ ಸ್ಟ್ಯಾಂಡ್. ಬೆಂಗಳೂರಿನ ಎತ್ತರದ ಚಿಂತೆ ಬೇಡ. ಊರು 3,000 ಅಡಿ ಎತ್ತರದಲ್ಲಿದೆ, ಅಮೆರಿಕದ ಡಬ್ಬಗಳ ಮೇಲಿನ ಎತ್ತರದ ಸೂಚನೆಗಳು ಸಾಮಾನ್ಯವಾಗಿ 3,500 ಅಡಿಯಿಂದ ಮೇಲಿನವರಿಗೆ. ಅದಕ್ಕಿಂತ ಎತ್ತರದ ಡೆನ್ವರ್‌ನಂಥ ಊರಿನಲ್ಲಿರುವವರು ಆ ಸಾಲನ್ನು ಓದಲೇಬೇಕು.

ಹಿಟ್ಟನ್ನು ಹಣ್ಣಿನ ಮೇಲೆ ಉಂಡೆ ಉಂಡೆಯಾಗಿ ಬಿಡುವ ಇನ್ನೊಂದು ಬಗೆಯೂ ಇದೆ: 1 ಕಪ್ ಮಿಕ್ಸಿಗೆ 80 ಮಿಲಿ ಹಾಲು, 1 ದೊಡ್ಡ ಚಮಚ ಸಕ್ಕರೆ, 1 ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಇಲ್ಲಿ ರಸ ಹಿಟ್ಟಿಗೆ ಇಳಿಯದು, ಹಾಗಾಗಿ ಸೇಬು ಬಾಡಿಸುವಾಗ 2 ಟೀ ಚಮಚ ಕಾರ್ನ್‌ಫ್ಲೋರ್ ಬೇಕು, ಬಸಿಯುವುದು ಬೇಡ. ಹಣ್ಣು ಕುದಿಯುವಷ್ಟು ಬಿಸಿ ಇರುವಾಗಲೇ ಉಂಡೆ ಬಿಡಬೇಕು, ಉಂಡೆಗಳ ನಡುವೆ ಒಂದು ಬೆರಳು ಜಾಗ ಬಿಟ್ಟು, ಹಬೆ ಹೊರಹೋಗುವಂತೆ. 200 ಡಿಗ್ರಿ, 20ರಿಂದ 25 ನಿಮಿಷ. ತಳ ಹಸಿಯಾಗುವ ಭಯ ಇದರಲ್ಲಿ ಕಡಿಮೆ, ಆದರೆ ಬೆಣ್ಣೆಯ ಗರಿಗರಿ ಅಂಚು ಸಿಗುವುದಿಲ್ಲ. ನನಗೆ ಆ ಅಂಚೇ ಬೇಕು.

ಓವನ್ನಿನಿಂದ ತೆಗೆದು 20 ನಿಮಿಷ ಬಿಟ್ಟು ಬಡಿಸಿ, ರಸ ಗಟ್ಟಿಯಾಗುವುದು ಆಗಲೇ. ಮಿಕ್ಕದ್ದು ಫ್ರಿಜ್ಜಿನಲ್ಲಿ 3 ದಿನ ಇರುತ್ತದೆ. ಮತ್ತೆ ಬಿಸಿ ಮಾಡಲು ಮೈಕ್ರೋವೇವ್ ಬೇಡ, ಮೇಲ್ಪದರ ಮೆತ್ತಗಾಗುತ್ತದೆ. 170 ಡಿಗ್ರಿ ಓವನ್ನಿನಲ್ಲಿ ಮುಚ್ಚದೆ 12ರಿಂದ 15 ನಿಮಿಷ ಇಡಿ.